ಹಂಡೆಯ ಹಿಂದೆ ಬಂದ ಮಳೆ

ಗಂಡ ಇಂದುಧರನ ಕಾರ್ಯವೆಲ್ಲ ಮುಗಿದು ನೆಂಟರು ಬಸ್ಸು ಹತ್ತಿ ಹೋದ ಮರುದಿನ ಬೆಳಿಗ್ಗೆ ಎದ್ದು ನೋಡಿದರೆ, ನಮ್ಮ ಬಚ್ಚಲುಮನೆಯಲ್ಲಿ ಮಳೆ ಬಂದು ಹೋಗಿತ್ತು. ಗೋಡೆಗಳು ಒದ್ದೆ. ಸೋಪಿನ ಬಿಲ್ಲೆ ಕರಗಿ ನೊರೆಯಾಗಿತ್ತು. ಗೂಟದಲ್ಲಿದ್ದ ಅವನ ಟವೆಲ್ಲು ಇನ್ನೂ ತೊಟ್ಟಿಕ್ಕುತ್ತಿತ್ತು. ಅಂಗಳಕ್ಕೆ ಹೋಗಿ ಮಳೆಮಾಪಕವನ್ನು ಬಿಚ್ಚಿದೆ. ಒಳಗೆ ಒಂದು ಇರುವೆ ಬಿಟ್ಟರೆ ಏನೂ ಇರಲಿಲ್ಲ.

ಹೀಗಾದದ್ದು ಅದೇ ಮೊದಲಲ್ಲ. ಅತ್ತೆ ತಮ್ಮ ಊರಿಗೆ ಹೋಗುವ ಮೊದಲು ಗಾರೆ ಕೆಲಸದವನನ್ನು ಕರೆಸಿ ತಾರಸಿ ನೋಡಿಸಿದ್ದರು. ಅವನು ಹತ್ತಿ ನೋಡಿದ. ತಾರಸಿ ಹಪ್ಪಳ ಒಣಗಿಸುವಷ್ಟು ಒಣಗಿತ್ತು. ಇಳಿದು ಬಂದು ಬಚ್ಚಲಿಗೆ ಇಣುಕಿದ, ಮೂಲೆಯಲ್ಲಿದ್ದ ತಾಮ್ರದ ಹಂಡೆಯನ್ನು ಕಂಡು ತಲೆ ಕೆರೆದುಕೊಂಡ.

"ತಾರಸಿ ಸೋರ್ತಿಲ್ಲ ಕಣಮ್ಮ. ಹಂಡೆ ಒಳಗೆ ಬಂದೈತೆ, ಅಷ್ಟೆ."

"ಹಂಡೆ ಬಚ್ಚಲಲ್ಲಿರದೆ ದೇವರ ಮನೇಲಿರುತ್ತಾ?" ಎಂದರು ಅತ್ತೆ.

"ನಿಮ್ಮೂರಲ್ಲಿ ಹೆಂಗೋ ನಂಗೊತ್ತಿಲ್ಲ" ಎಂದು ಅವನು ಕಾಫಿ ಕುಡಿದು ಹೋದ. ಕೂಲಿ ಕೇಳಲಿಲ್ಲ.

ಅಷ್ಟೊಂದು ಜನರ ಸ್ನಾನಕ್ಕೆ ನೀರು ಕಾಯಿಸಬೇಕಲ್ಲ, ಅಂಗಳದಲ್ಲಿ ಒಳ್ಳೆಯ ಹಂಡೆಯೊಂದು ಸುಮ್ಮನೆ ಬಿದ್ದಿದೆಯೆಂದು ನೆಂಟರ ಹೆಂಗಸರು ಎತ್ತಿ ಒಳಗೆ ತಂದಿದ್ದರು. ನಾನು ತಡೆಯಲಿಲ್ಲ. ಆ ದಿನಗಳಲ್ಲಿ ನಾನು ಯಾವುದನ್ನೂ ತಡೆಯಲಿಲ್ಲ. ಜನ ಬಂದು ನನ್ನ ಕಣ್ಣು ನೋಡಿ ನೋಡಿ ಹೋದರು. ಅಲ್ಲಿಯೂ ಏನೂ ಇರಲಿಲ್ಲ.

ಆ ಬೆಳಿಗ್ಗೆ ಹಂಡೆಯನ್ನು ಉರುಳಿಸಿಕೊಂಡು ಹೋಗಿ, ಮಳೆಮಾಪಕದ ಪಕ್ಕದಲ್ಲಿ ಇಂದುಧರ ತೋಡಿದ್ದ ಗುಂಡಿಯಲ್ಲಿ ಮತ್ತೆ ಕೂರಿಸಿದೆ. ಸಂಜೆ ಮಳೆ ಅಂಗಳಕ್ಕೇ ಬಂತು. ಹಿಟ್ಟು ಜರಡಿ ಹಿಡಿದ ಹಾಗೆ ಬೀಳುವ ಸಣ್ಣ ಮಳೆ. ಮೆಟ್ಟಿಲ ಮೇಲೆ ಕೂತು ಅದು ನಿಲ್ಲುವ ತನಕ ನೋಡಿದೆ.

ಈ ಊರಲ್ಲಿ ಮಳೆ ಮನೆಮನೆಗೆ ಬೇರೆ. ಪ್ರತಿ ಮನೆಯ ಸೂರಿನ ಕೆಳಗೂ ಒಂದು ಹಂಡೆಯಿರುತ್ತದೆ, ಅಜ್ಜಿಯ ಕಾಲದ್ದೋ ಮುತ್ತಜ್ಜಿಯ ಕಾಲದ್ದೋ. ಆ ಮನೆಯ ಮಳೆ ಅದರ ಸುತ್ತ ಬೀಳುತ್ತದೆ. ದರ್ಜಿ ಮಾದಯ್ಯನವರದು ಶುಕ್ರವಾರದ ಮಳೆ, ಗುಡುಗಿಲ್ಲದೆ ಹೊಲಿಗೆ ಹಾಕಿದಂತೆ ನೆಟ್ಟಗೆ ಬೀಳುತ್ತದೆ. ಅವರೆದುರು ಮನೆಯ ನಿವೃತ್ತ ಮೇಷ್ಟ್ರದು ಅಪರೂಪಕ್ಕೆ ಬರುತ್ತದೆ, ಬಂದರೆ ಹೆಂಚು ಹಾರಿಸುತ್ತದೆ. ಮೂಲೆಯ ಖಾನಾವಳಿಯ ಮಳೆ ಜೋರು. ಊಟಕ್ಕೆ ಬಂದವರು ಸ್ಕೂಟರನ್ನು ಅಲ್ಲೇ ನಿಲ್ಲಿಸಿ ತೊಳೆಸಿಕೊಂಡು ಹೋಗುತ್ತಾರೆ. ಬೀದಿಯಲ್ಲಿ ನಡೆಯುವವರು ಒಂದು ಮನೆಯ ಮುಂದೆ ಕೊಡೆ ಬಿಚ್ಚುತ್ತಾರೆ, ಮುಂದಿನ ಮನೆಯ ಹತ್ತಿರ ಮಡಚುತ್ತಾರೆ. ಮದುವೆಯಾಗಿ ಹೊಸದಾಗಿ ಬಂದವಳಿಗೆ ಯಾರ ಮನೆಯ ಮಳೆ ಯಾವಾಗ ಎಂದು ಕಲಿಯುವಷ್ಟರಲ್ಲಿ ಒಂದು ವರ್ಷವಾಗುತ್ತದೆ. ನಮ್ಮ ಬೀದಿಯ ಮಟ್ಟಿಗೆ ನಾನೂ ಕಲಿತಿದ್ದೆ.

ನಮ್ಮದು ಸರ್ಕಾರಿ ಕ್ವಾರ್ಟರ್ಸು. ಅಂಗಳದಲ್ಲಿ ಮುಳ್ಳುತಂತಿ ಬೇಲಿ, ಬೇಲಿಯೊಳಗೆ ಮಳೆಮಾಪಕ. ಉಪಗ್ರಹ ಮೇಲಿನಿಂದ ಮಳೆಯನ್ನು ಅಂದಾಜು ಮಾಡುತ್ತದೆ. ಅದು ಹೇಳಿದ್ದು ನಿಜವೋ ಅಲ್ಲವೋ ಎಂದು ನೆಲದ ಮೇಲೆ ಯಾರಾದರೂ ಅಳೆದು ಹೇಳಬೇಕು. ಅದಕ್ಕಾಗಿ ಇಲಾಖೆ ಕಟ್ಟಿದ ಕೇಂದ್ರ ಇದು. ಜಾಗವನ್ನು ಶಾಸ್ತ್ರೋಕ್ತವಾಗಿ ಆರಿಸಿದ್ದರು: ಮರವಿಲ್ಲ, ಗೋಡೆಯಿಲ್ಲ, ಗಾಳಿಗೆ ಅಡ್ಡವಿಲ್ಲ. ಯಾರ ಮನೆಯೂ ಇರಲಿಲ್ಲ. ಆದ್ದರಿಂದ ಅಲ್ಲಿ ಯಾರ ಮಳೆಯೂ ಇರಲಿಲ್ಲ. ಕೇಂದ್ರ ಕಟ್ಟಿದ ಮೇಲೆ ಬಹಳ ಕಾಲ ಅಲ್ಲಿಂದ ಹೋದದ್ದು ಬರೀ ಸೊನ್ನೆ. ಉಪಗ್ರಹ ಮಾತ್ರ ಈ ಊರ ಮೇಲೆ ಮಳೆ ಕಾಣುತ್ತಲೇ ಇತ್ತು. ಇಲಾಖೆಯವರು ಎರಡು ಸಲ ಹೊಸ ಮಾಪಕ ಕಳಿಸಿದರು. ಕೊನೆಗೆ ಇಂದುಧರನನ್ನು ಕಳಿಸಿದರು.

ನಾನು ಆಗ ವಿಶ್ವವಿದ್ಯಾಲಯದಲ್ಲಿ ರೇಡಾರ್ ಪ್ರತಿಧ್ವನಿಗಳ ಮೇಲೆ ಪ್ರಬಂಧ ಮುಗಿಸುತ್ತಿದ್ದೆ. ಅದು ಮುಗಿದ ಮೇಲೆ ಟ್ರಂಕು ಹಿಡಿದು ಬಂದೆ. ನಾನು ಬಂದ ಸಂಜೆಯೇ ಅಂಗಳದಲ್ಲಿ ಮಳೆ ಬಂತು. ಮಾಪಕದ ಪಕ್ಕ ಗುಂಡಿಯಲ್ಲಿ ಹಂಡೆಯ ಕಂಠ ಮಾತ್ರ ಕಾಣುತ್ತಿತ್ತು. ಮಾಪಕದ ಹತ್ತಿರ ಎತ್ತರದ ವಸ್ತು ಇರಬಾರದೆಂಬ ನಿಯಮವಿದೆ, ಅದಕ್ಕೇ ಹೂತಿದ್ದ.

"ನಮಗೂ ಒಂದು ಮಳೆ ಬಂತು ನೋಡು" ಎಂದ.

ನಾವು ಸಂಸಾರ ಹೂಡಿದ್ದಕ್ಕೆ ಬಂದದ್ದು ಎಂದುಕೊಂಡೆ. ಮನೆ ಮಾಡಿದ ಮೇಲೆ ಹಂಡೆ ಕೊಂಡಿರುತ್ತಾನೆ, ಹಂಡೆ ಬಂದ ಮೇಲೆ ಮಳೆ ಬಂದಿರುತ್ತದೆ. ಓದಿದವಳಾದರೂ ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ. ಆ ಮಳೆ ಅವನ ಹಾಗೇ ಇತ್ತು. ಸದ್ದಿಲ್ಲದೆ ಬಂದು, ಎಲ್ಲವನ್ನೂ ಸಮನಾಗಿ ತೋಯಿಸಿ, ಯಾರಿಗೂ ಹೇಳದೆ ನಿಲ್ಲುತ್ತಿತ್ತು. ಅವನು ಹೋದದ್ದೂ ಹಾಗೆಯೇ. ಮಧ್ಯಾಹ್ನ ಊಟ ಮಾಡಿ ಮಲಗಿದವನು ಕಾಫಿಗೆ ಏಳಲಿಲ್ಲ.

ಊರವರು ಆಮೇಲೆ ನನ್ನನ್ನು ಬಿಟ್ಟುಕೊಡಲಿಲ್ಲ. ಎರಡು ಬೀದಿ ಆಚೆಯ ಚೆಲುವಾಜಮ್ಮ ದಿನಾ ಸಂಜೆ ಡಬ್ಬಿಯಲ್ಲಿ ಸಾರನ್ನ ತರುತ್ತಿದ್ದಳು. ಬಾಣಂತನಕ್ಕೆ ಬಂದಿದ್ದ ಮಗಳು ಕೋಮಲೆಯೂ ದೊಡ್ಡ ಹೊಟ್ಟೆ ಹೊತ್ತುಕೊಂಡು ಜೊತೆಗೆ ಬರುತ್ತಿದ್ದಳು. ನಾನು ಉಣ್ಣುವ ತನಕ ಚೆಲುವಾಜಮ್ಮ ಎದುರಿಗೆ ಕೂತು ಊರ ಸುದ್ದಿಯೆಲ್ಲ ಹೇಳುವಳು.

"ಮೇಷ್ಟ್ರ ಮಳೆ ನಿನ್ನೆ ಮಾದಯ್ಯನ ಅಂಗಡೀಗೆ ನುಗ್ಬುಡ್ತಂತೆ. ಮದುವೆ ಕೋಟು ಒಂದು ಮುದುರಿ ಹುಡುಗನ ಕೋಟಾಗೋಯ್ತು. ಮಾದಯ್ಯ ಹೇಳ್ತವ್ನೆ, ಚಿಕ್ಕ ವಯಸ್ಸಿನ ಗಂಡು ನೋಡ್ಕಳಿ ಅಂತ."

ಕೋಮಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗು ಮುಗಿದ ಮೇಲೆ ಅವಳ ಕಣ್ಣು ಅಂಗಳದ ಹಂಡೆಯ ಕಡೆ ಹೋಗುತ್ತಿತ್ತು. ತಾಯಿ ಕೆಮ್ಮಿದರೆ ವಾಪಸ್ಸು ಬರುತ್ತಿತ್ತು. ನಾನದನ್ನು ನೋಡುತ್ತಿದ್ದೆ. ನೋಡಿದ್ದಕ್ಕೆ ಏನಾದರೂ ಅರ್ಥವಿರಬಹುದೆಂದು ಹೊಳೆಯುವ ಸ್ಥಿತಿಯಲ್ಲಿರಲಿಲ್ಲ.

ಕೇಂದ್ರ ಕಚೇರಿಯಿಂದ ಯತಿರಾಜ ಸರ್ ಫೋನ್ ಮಾಡಿದರು. ಒಳ್ಳೆಯವರು, ಆದರೆ ಅಂಕಿಯೊಂದು ತಪ್ಪಿದರೆ ಅವರಿಗೆ ಅನ್ನ ಇಳಿಯುವುದಿಲ್ಲ.

"ಮೇಡಂ, ದುಃಖದ ಸಮಯ, ಗೊತ್ತು. ಆದ್ರೂ ಕೇಳ್ಬೇಕು. ಹೋದ ವಾರ ಪೂರ್ತಿ ನಿಮ್ಮಲ್ಲಿ ಸೊನ್ನೆ. ಮೇಲ್ಗಡೆಯಿಂದ ನೋಡಿದ್ರೆ ಮಳೆ."

"ಮಳೆ ಬಚ್ಚಲಲ್ಲಿ ಬಿತ್ತು ಸರ್."



"ಬಚ್ಚಲು ಅಂದ್ರೆ?"

"ಸ್ನಾನದ ಮನೆ."

"ಅದು ಗೊತ್ತು ಮೇಡಂ." ಅವರ ಧ್ವನಿ ಮೆತ್ತಗಾಯಿತು. "ನೀವು ಸ್ವಲ್ಪ ರೆಸ್ಟ್ ತಗೊಳ್ಳಿ. ಹೊತ್ತೊತ್ತಿಗೆ ಊಟ ಮಾಡಿ."

ಮಾಡುತ್ತೇನೆ ಎಂದೆ. ಆಮೇಲೆ ಅವರು ಫೋನ್ ಮಾಡಿದ ಕಾರಣ ಹೇಳಿದರು. ಬರುವ ಗುರುವಾರ ಸಂಜೆ ಉಪಗ್ರಹ ನಮ್ಮ ಊರಿನ ನೆತ್ತಿಯ ಮೇಲೇ ಹಾದುಹೋಗುತ್ತದೆ. ಅದರ ರೇಡಾರಿನ ನೋಟದ ಅಗಲ ಕಡಿಮೆ, ಹೀಗೆ ನೇರ ಸಿಗುವುದು ಅಪರೂಪ. ಆ ಸಂಜೆ ಮೇಲಿನ ಅಂದಾಜೂ ಕೆಳಗಿನ ಅಳತೆಯೂ ಹೊಂದಿದರೆ ಕೇಂದ್ರ ಉಳಿಯುತ್ತದೆ, ಇಂದುಧರನ ಕೆಲಸ ನನಗೆ ಬರುತ್ತದೆ, ಕ್ವಾರ್ಟರ್ಸೂ ಉಳಿಯುತ್ತದೆ. ಹೊಂದದಿದ್ದರೆ ಮಾಪಕವನ್ನು ಕಿತ್ತು ಬೇರೆ ಊರಿಗೆ ಕಳಿಸುತ್ತಾರೆ.

"ಆ ಒಂದು ಸಂಜೆ ಸರಿಯಾಗಿ ಅಳೆದು ಕಳಿಸಿ ಸಾಕು. ಬಚ್ಚಲಲ್ಲಿ ಬೇಡ."

ಕಷ್ಟದ ಕೆಲಸವೇನಲ್ಲ ಅದು. ಈ ತಿಂಗಳಲ್ಲಿ ನಮ್ಮ ಅಂಗಳದ ಮಳೆ ದಿನಾ ಸಂಜೆ ಬರುತ್ತದೆ. ಗುಂಡಿಯಲ್ಲಿ ಹಂಡೆಯಿದ್ದರಾಯಿತು. ಮೆಟ್ಟಿಲ ಮೇಲೆ ಕೂತು ಅದರ ಸದ್ದು ಕೇಳುವುದೊಂದೇ ಆಗ ನಾನು ದಿನದಲ್ಲಿ ಇಷ್ಟಪಟ್ಟು ಮಾಡುತ್ತಿದ್ದ ಕೆಲಸ. ಅದಕ್ಕೆ ಸಂಬಳವೂ ಕೊಡುತ್ತೇವೆ ಅನ್ನುತ್ತಿದ್ದರು.

ನಮ್ಮ ಗೇಟಿನ ಎದುರಿಗೆ ಕೆಂಪರಾಜನ ಟೀ ಗಾಡಿ. ತಳ್ಳುಗಾಡಿಗೆ ಸೂರಿಲ್ಲ, ತಾಡಪಾಲಿಲ್ಲ. ಅವನ ಹತ್ತಿರ ಕೊಡೆಯೂ ಇಲ್ಲ. ಮಳೆ ಅವನನ್ನೊಬ್ಬನನ್ನು ಬಿಟ್ಟು ಸುತ್ತ ಬೀಳುತ್ತದೆ. ಅವನು ಬೀದಿಯ ಈ ತುದಿಯಿಂದ ಆ ತುದಿಗೆ ಯಾರ ಮಳೆಯಲ್ಲಿ ನಡೆದರೂ ಅಂಗಿಯ ಇಸ್ತ್ರಿ ಕೆಡುವುದಿಲ್ಲ. ಗಾಡಿ ನೆನೆಯುತ್ತದೆ, ಗ್ಲಾಸು ನೆನೆಯುತ್ತದೆ, ಅವನು ನೆನೆಯುವುದಿಲ್ಲ. ಊರಿನ ಹತ್ತು ವಿಚಿತ್ರಗಳಲ್ಲಿ ಇದೂ ಒಂದು ಎಂದು ಸುಮ್ಮನಿದ್ದೆ.

ಒಂದು ಬೆಳಿಗ್ಗೆ ಅವನು ಟೀ ಜೊತೆಗೆ ಕಲ್ಲುಸಕ್ಕರೆ ಕೊಟ್ಟ.

"ಕೋಮಲಕ್ಕಂಗೆ ಹೆಣ್ಣು ಮಗು ಮೇಡಮ್ಮೋರೆ. ಅಜ್ಜಿ ಮೂಗೇ ಮೂಗು. ಪಾಪ, ಏನ್ಮಾಡಾಕಾಯ್ತದೆ."

ಕೆಲವು ದಿನ ಬಿಟ್ಟು, ಬುಧವಾರ ಸಂಜೆ, ನಮ್ಮ ಅಂಗಳದ ಮಳೆ ನಿಂತ ಮೇಲೆ ಮಗು ನೋಡಲು ಹೋದೆ. ಸಾವಿನ ಮನೆಯವಳು ಬಾಣಂತಿಯ ಮನೆಗೆ ಹೋಗಬಹುದೋ ಇಲ್ಲವೋ ಎಂದು ಗೇಟಿನ ಬಳಿ ನಿಂತಿದ್ದೆ. ಚೆಲುವಾಜಮ್ಮ ಒಳಗಿನಿಂದಲೇ ಕೂಗಿದಳು.

"ಅಲ್ಲೇನು ಕಂಬ ಎಣಿಸ್ತಿದೀಯಾ? ಬಾ ಒಳಕ್ಕೆ."

ಮಗುವಿನ ಮೂಗು ನಿಜವಾಗಿಯೂ ಅಜ್ಜಿಯದೇ. ಎತ್ತಿಕೊಂಡೆ. ಬಟ್ಟೆಯಲ್ಲಿ ಒರೆಸಿದ ಮೈ, ಕೂದಲಿನ್ನೂ ಅಂಟಂಟು.

"ಇನ್ನೂ ನೀರು ಹಾಕಿಲ್ವಾ?"

"ಹಾಕದು ಹಾಕದು. ಅವಸರ ಏನು" ಎಂದಳು ಚೆಲುವಾಜಮ್ಮ.

"ಹೊಕ್ಕುಳು ಇವತ್ತೋ ನಾಳೆಯೋ ಬೀಳೋ ಹಂಗದೆ" ಎಂದಳು ಕೋಮಲೆ ಗೋಡೆಯ ಕಡೆ ನೋಡುತ್ತ.

"ನೀನು ಸುಮ್ಕೆ ಮಲಿಕೊ."

ನಾನು ಮಗುವನ್ನೆತ್ತಿಕೊಂಡು ಪಡಸಾಲೆಗೆ ಬಂದೆ. ಪಕ್ಕದ ಮನೆಯ ಮಳೆ ನಡುಗೋಡೆಯ ತನಕ ಸುರಿದು ಅಲ್ಲೇ ನಿಂತಿತ್ತು. ಗೋಡೆಯ ಈಚೆ ತುಳಸಿ ಬಾಡಿತ್ತು. ಹೆಂಚಿನ ಮೇಲೆ ಧೂಳು. ಸೂರಿನ ಕೆಳಗೆ ಒಂದು ಕಲ್ಲುಚಪ್ಪಡಿ, ಅದರ ಮೇಲೆ ಹಂಡೆಯಿರಲಿಲ್ಲ. ಹಂಡೆ ಕೂತಿದ್ದ ಗುರುತಿತ್ತು. ವರ್ಷಗಟ್ಟಲೆ ಪಾಚಿ ಕಟ್ಟಿ ಒಣಗಿದ ಕಪ್ಪು ಬಳೆ. ಅದು ಪೂರ್ತಿ ದುಂಡಗಿರಲಿಲ್ಲ. ಒಂದು ಕಡೆ ಚಪ್ಪಟೆ.

"ನಿಮ್ಮ ಹಂಡೆಯೆಲ್ಲಿ?"

"ಕಲಾಯಿಗೆ ಕೊಟ್ಟಿದೀನಿ" ಎಂದಳು ಚೆಲುವಾಜಮ್ಮ. ಹೇಳಿದವಳೇ ಒಳಗೆ ಹೋಗಿ ಪಾತ್ರೆಗಳನ್ನು ಜೋರಾಗಿ ಜೋಡಿಸತೊಡಗಿದಳು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಇಂದುಧರ ಉಪಗ್ರಹದ ಎರಡು ಉಪಕರಣಗಳ ಬಗ್ಗೆ ಒಂದು ತಮಾಷೆ ಮಾಡುತ್ತಿದ್ದ. ರೇಡಾರ್ ಕೆಳಗೆ ಅಲೆ ಕಳಿಸಿ, ಹನಿಗಳಿಗೆ ತಾಗಿ ವಾಪಸ್ಸು ಬರುವ ಸದ್ದನ್ನು ಕೇಳಿಸಿಕೊಳ್ಳುತ್ತದೆ. ಮೈಕ್ರೋವೇವ್ ಸಂವೇದಕ ಏನನ್ನೂ ಕಳಿಸುವುದಿಲ್ಲ. ನೆಲದಿಂದ ತಾನಾಗಿಯೇ ಏಳುವ ಸಣ್ಣ ಕಾವನ್ನು ಸುಮ್ಮನೆ ಗಮನಿಸುತ್ತದೆ. ಮೋಡದ ಮೇಲ್ಭಾಗದ ಮಂಜಿನ ಕಾಳುಗಳು ಆ ಕಾವನ್ನು ಚದುರಿಸುತ್ತವೆ. ಎಲ್ಲಿ ಬರಬೇಕಾದಷ್ಟು ಬರಲಿಲ್ಲವೋ ಅಲ್ಲಿ ಮಳೆಯಿದೆ ಎಂದು ಅದಕ್ಕೆ ತಿಳಿಯುತ್ತದೆ. "ರೇಡಾರ್ ನೀನು, ಕೂಗಿ ಕೇಳ್ತೀಯ" ಎನ್ನುತ್ತಿದ್ದ. "ಇನ್ನೊಂದು ನಾನು. ಕೇಳೋದಿಲ್ಲ. ಏನು ಕಮ್ಮಿಯಾಗಿದೆ ಅಂತ ನೋಡ್ತೀನಿ."

ಮನೆಗೆ ಬಂದವಳೇ ಹಂಡೆಯನ್ನು ಗುಂಡಿಯಿಂದೆತ್ತಿ ಬೋರಲು ಹಾಕಿದೆ. ತಳದ ಅಂಚು ಒಂದು ಕಡೆ ಚಪ್ಪಟೆಯಾಗಿತ್ತು. ಯಾವ ಕಾಲದಲ್ಲೋ ಯಾರೋ ಬೀಳಿಸಿದ ಪೆಟ್ಟು.

ಗೇಟು ದಾಟಿ ಕೆಂಪರಾಜನ ಮುಂದೆ ನಿಂತೆ. ಅವನು ಒಲೆ ಆರಿಸುತ್ತಿದ್ದ.

"ಈ ಹಂಡೆ ಚೆಲುವಾಜಮ್ಮನವರದಾ?"

"ನಾನೇನೂ ಹೇಳಿಲ್ಲ" ಎಂದ.

"ನಾನು ಕೇಳ್ತಿದ್ದೀನಿ."

"ಅದೇ ಮೇಡಮ್ಮೋರೆ. ನೀವು ಕೇಳಿದ್ರಿ, ನಾನೇನೂ ಹೇಳಿಲ್ಲ." ತೊಳೆದಿದ್ದ ಗ್ಲಾಸನ್ನು ಮತ್ತೆ ತೊಳೆದ. ಆಮೇಲೆ ನಿಧಾನವಾಗಿ ಹೇಳಿದ. "ಎರವಲು ಕೊಟ್ಟ ಮಳೇನ ವಾಪಸ್ ಕೇಳೋ ಪದ್ಧತಿ ಇಲ್ಲ ಇಲ್ಲಿ. ಅದ್ರಾಗೂ ಸಾವಾದ ಮನೇಲಿ. ಕೊಟ್ಟೋರು ಅದ್ರ ಹೆಸರೂ ಎತ್ತಂಗಿಲ್ಲ. ನಿಮ್ಮ ಯಜಮಾನ್ರು ಬಂದು ಬಂದು ಎರವಲು ಕೇಳಿದ್ರು. ಮಳೆ ಅಳೆಯೋ ಡಬ್ಬೀಲಿ ನೀರು ಬೀಳದಿದ್ರೆ ಕೆಲಸ ಹೋಯ್ತದೆ, ಹೆಂಡ್ತಿ ಬರ್ತಾವ್ಳೆ, ಬಂದೋಳಿಗೆ ಒಂದು ಮಳೆಯಾದ್ರೂ ಬ್ಯಾಡ್ವಾ ಅಂದ್ರು. ಅಜ್ಜಿಗೆ ಮನಸು ಕರಗೋಯ್ತು."

"ವಾಪಸ್ ಕೊಡ್ತೀನಿ ಅಂದಿದ್ರಾ?"

"ಕೋಮಲಕ್ಕ ಬಸುರಿ ಅಂತ ಗೊತ್ತಾದ್ಮೇಲೆ, ಹೆರಿಗೆ ಹೊತ್ಗೆ ತಂದ್ಕೊಡ್ತೀನಿ ಅಂದಿದ್ರು. ಹೊಕ್ಕುಳು ಬೀಳೋದ್ರೊಳಗೆ ಮಗೂಗೆ ಮನೆ ಹಂಡೆ ಮಳೆ ನೀರೇ ಮೊದ್ಲು ಹಾಕ್ಬೇಕಲ್ಲ. ತಂದ್ಕೊಡೋರು. ಅಂಥೋರೆ ಅವ್ರು."

ಮಗುವಿಗೆ ಬೇರೆ ಮನೆಯ ನೀರು ಹಾಕಿದರೆ ಏನಾಗುತ್ತದೆ ಎಂದೆ. ಅವನು ಎರಡು ಕೈಯನ್ನೂ ಅಗಲಿಸಿ ತನ್ನನ್ನು ತಾನೇ ತೋರಿಸಿದ.

"ನಮ್ಮವ್ವ ನಮ್ಮ ಹಂಡೆನ ತಂಗಿ ಮನೆ ಮದುವೆಗೆ ಕೊಟ್ಟಿತ್ತು. ಅದು ಬರೋದ್ರೊಳಗೆ ನನ್ನ ಹೊಕ್ಕುಳು ಬಿತ್ತು. ಬಾವಿ ನೀರು ಹಾಕಿದ್ರು. ಮನೆ ಮಳೆ ಮೊದ್ಲು ಗುರುತು ಹಿಡೀಬೇಕು ಮೇಡಮ್ಮೋರೆ. ಮನೆ ಮಳೇನೇ ಹಿಡೀಲಿಲ್ಲ ಅಂದ್ಮೇಲೆ ಊರಿನ ಮಳೆ ಯಾಕೆ ಹಿಡಿದೀತು?" ನಕ್ಕ. "ನಷ್ಟ ಏನಿಲ್ಲ. ಕೊಡೆ ಕೊಂಡಿಲ್ಲ, ನೆಗಡಿ ಬಂದಿಲ್ಲ. ಹೆಣ್ಣು ಕೊಡಾಕೆ ಬಂದಿದ್ದ ಮಾವ ಹೇಳ್ದ, ಹುಡುಗ ಯಾವಾಗ್ಲೂ ನೀಟಾಗಿರ್ತಾನೆ ಅಂತ."

ನಾನೂ ನಕ್ಕೆ. ನಗು ಹೊರಗೆ ಬಂದದ್ದು ನನಗೇ ಕೇಳಿಸಿತು. ಬಹಳ ದಿನವಾಗಿತ್ತು.

ಅವನು ಗ್ಲಾಸುಗಳನ್ನು ಬುಟ್ಟಿಗೆ ಹಾಕುತ್ತ ತಲೆ ತಗ್ಗಿಸಿಯೇ ಹೇಳಿದ. "ಬೇಸ್ಗೆ ಕಳೆದು ಮೊದಲ್ನೇ ಹನಿ ಬಿದ್ದಾಗ ಎಲ್ಲಾರೂ ಮುಖ ಮ್ಯಾಕೆ ಮಾಡ್ತಾರಲ್ಲ. ನಾನೂ ಮಾಡ್ತೀನಿ. ಅಭ್ಯಾಸ."

ಗುರುವಾರ ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ಹಂಡೆ ಬೆಳಗಿದೆ. ವಾಪಸ್ಸು ಕೊಡಲಿಕ್ಕೇ ಬೆಳಗುತ್ತಿದ್ದೇನೆ ಎಂದು ನನಗೇ ಹೇಳಿಕೊಂಡೆ. ಬೆಳಗಿ ಮುಗಿದ ಮೇಲೆ ಮತ್ತೆ ಗುಂಡಿಯಲ್ಲೇ ಇಟ್ಟೆ. ಇಳಿಹೊತ್ತಿನ ತನಕ ಅದನ್ನು ನೋಡುತ್ತ ಕೂತೆ.

ಲೆಕ್ಕ ಸುಲಭವಿತ್ತು. ಈ ಸಂಜೆ ಹಂಡೆ ಇಲ್ಲಿದ್ದರೆ ಮಾಪಕದಲ್ಲಿ ನೀರು, ನನಗೆ ಮನೆ. ಮಗುವಿನ ಹೊಕ್ಕುಳು ನಾಳೆಯ ತನಕ ತಡೆದೀತು, ತಡೆಯದೆಯೂ ಇದ್ದೀತು. ತಡೆಯದಿದ್ದರೂ ಯಾರೂ ನನ್ನನ್ನು ಒಂದು ಮಾತು ಅನ್ನುವುದಿಲ್ಲ. ಚೆಲುವಾಜಮ್ಮ ಸಾರನ್ನ ತಂದೇ ತರುತ್ತಾಳೆ. ಆ ಹೆಣ್ಣು ದೊಡ್ಡವಳಾಗಿ, ಇಸ್ತ್ರಿ ಕೆಡದ ಲಂಗ ಉಟ್ಟು, ನಮ್ಮ ಗೇಟಿನ ಮುಂದೆ ಮುಖ ಮೇಲೆ ಮಾಡಿ ನಿಲ್ಲುತ್ತಾಳೆ.

ಕಷ್ಟವಿದ್ದದ್ದು ಮನೆಯದಲ್ಲ. ಎಷ್ಟೋ ಸಂಜೆ ಆ ಸದ್ದನ್ನು ಅವನೆಂದುಕೊಂಡು ಕೇಳಿದ್ದೆ. ಈಗ ನೋಡಿದರೆ ಅದು ಅವನದೂ ಅಲ್ಲ, ನಮ್ಮದೂ ಅಲ್ಲ, ಚೆಲುವಾಜಮ್ಮನ ಮುತ್ತಜ್ಜಿಯದು. ಅವನದು ಎನ್ನಬಹುದಾದದ್ದು ಒಂದೇ: ನಾನು ಟ್ರಂಕು ಹಿಡಿದು ಬರುವ ದಿನ ಒಂದು ಮಳೆಯಿರಲಿ ಎಂದು ಯಾರದೋ ಬಾಗಿಲಲ್ಲಿ ನಿಂತು ಕೇಳಿದ್ದು. ಕೂಗಿ ಕೇಳುವವಳು ನಾನು ಎನ್ನುತ್ತಿದ್ದ. ಕೇಳಿದವನು ಅವನೇ.

ಎದ್ದೆ. ಗೇಟಿನ ಹತ್ತಿರ ಹೋಗಿ, "ಗಾಡಿ ಬೇಕಿತ್ತು" ಎಂದೆ.

ಕೆಂಪರಾಜ ತಕ್ಷಣ ಟೀ ಕುಡಿಯುತ್ತಿದ್ದ ಇಬ್ಬರ ಕೈಯಿಂದ ಗ್ಲಾಸು ಕಿತ್ತುಕೊಂಡ.

"ಅರ್ಧ ಅದಲ್ಲಪ್ಪ ಇನ್ನೂ" ಎಂದ ಒಬ್ಬ.

"ನಾಳೆ ಅರ್ಧ ಕುಡಿಯೋವಂತೆ. ಹೋಗು."

ಸ್ಟೌ ಇಳಿಸಿದ, ಬನ್ನಿನ ಡಬ್ಬಿ ಇಳಿಸಿದ, ಹಲಗೆ ಒರೆಸಿದ. ಹಂಡೆಯನ್ನು ಇಬ್ಬರೂ ಸೇರಿ ಎತ್ತಿಟ್ಟೆವು. "ಬರೀ ಹಂಡೆ ವಾಪಸ್ ಕೊಡೋ ಹಂಗಿಲ್ಲ, ತಳದಲ್ಲಿ ಅದ್ರದೇ ನೀರು ಸ್ವಲ್ಪ ಇರ್ಲಿ" ಎಂದ. ಹಿಂದಿನ ಸಂಜೆ ಮಾಪಕದಲ್ಲಿ ಬಿದ್ದದ್ದನ್ನು ಅಳೆದ ಮೇಲೆ ಚೆಲ್ಲದೆ ಇಟ್ಟಿದ್ದೆ. ಯಾಕೆ ಇಟ್ಟಿದ್ದೆನೋ. ಅದನ್ನೇ ಸುರಿದೆ.

ಬೀದಿಯ ತಿರುವಿನಲ್ಲೇ ಮಳೆ ನಮ್ಮನ್ನು ಹಿಡಿಯಿತು. ಹಿಟ್ಟು ಜರಡಿ ಹಿಡಿದಂತೆ, ಗಾಡಿಯ ಸುತ್ತ ನಾಲ್ಕು ಮಾರು ಅಗಲಕ್ಕೆ, ಗಾಡಿ ಹೋದ ಕಡೆಯೆಲ್ಲ ಬಂತು. ನನ್ನ ತಲೆ, ಸೀರೆ ಎಲ್ಲ ತೊಯ್ದವು. ಗಾಡಿ ತಳ್ಳುತ್ತಿದ್ದ ಕೆಂಪರಾಜನ ಕಾಲರ್ ಕೂಡ ನೆನೆಯಲಿಲ್ಲ.

ಮಾದಯ್ಯನವರು ಅಂಗಡಿಯಿಂದ ಹೊರಗೆ ಬಂದರು. "ಯಾರದಪ್ಪಾ ಈ ಮಳೆ? ನಮ್ಮದು ನಾಳೆ ಅಲ್ವಾ?"

"ದಾರಿಹೋಕ ಮಳೆ ಮಾದಯ್ಯೋರೆ, ಬಟ್ಟೆ ಒಳಗಿಡಿ" ಎಂದ ಕೆಂಪರಾಜ.

ಮಾದಯ್ಯನವರು ಹಂಡೆಯನ್ನು ನೋಡಿದರು, ನನ್ನನ್ನು ನೋಡಿದರು. ಒಣಹಾಕಿದ್ದ ಪ್ಯಾಂಟುಗಳನ್ನು ಎತ್ತುವುದು ಬಿಟ್ಟು, ಗಾಡಿ ದಾಟುವ ತನಕ ಟೇಪು ಕೊರಳಲ್ಲಿ ಹಾಕಿಕೊಂಡೇ ನಿಂತರು. ಮೇಷ್ಟ್ರ ಹೆಂಡತಿ ಸಂಡಿಗೆ ಎತ್ತಲು ಓಡಿಬಂದವರು ಗಾಡಿ ಕಂಡು, ಸಂಡಿಗೆ ನೆನೆಯಲೆಂದು ಬಿಟ್ಟು, ಬಾಗಿಲಲ್ಲಿ ತಮ್ಮ ಅತ್ತೆಯನ್ನು ಕರೆದರು. ಖಾನಾವಳಿಯಲ್ಲಿ ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಹೊರಗೆ ಬಂದರು. "ನಮ್ಮ ಮಳೆಗಿಂತ ಇದು ನಯ ಐತೆ ಕಣ್ರಯ್ಯ" ಎಂದ ಒಬ್ಬ. "ಹಂಗಾದ್ರೆ ಅದ್ರಲ್ಲೇ ಕೈ ತೊಳ್ಕೊ" ಎಂದ ಮಾಲೀಕ.

ಆಗಲೇ ನನ್ನ ಫೋನು ಬಡಿದುಕೊಂಡಿತು. ಸೆರಗಿನಿಂದ ಒರೆಸಿ ಕಿವಿಗಿಟ್ಟೆ.

"ಮೇಡಂ, ಈಗಷ್ಟೆ ಹಾದುಹೋಯ್ತು." ಯತಿರಾಜ ಸರ್ ಧ್ವನಿ ಕುಣಿಯುತ್ತಿತ್ತು. "ಎರಡೂ ಉಪಕರಣದಲ್ಲೂ ನಿಮ್ಮ ಊರ ಮೇಲೆ ಮಳೆ ಚೆನ್ನಾಗಿ ಕಾಣ್ತಿದೆ. ನಿಮ್ಮ ಡಬ್ಬೀಲೆಷ್ಟು?"

"ಸೊನ್ನೆ ಸರ್."

"ಸೊನ್ನೆಯಾ? ಹಿಂದೆ ಮಳೆ ಸದ್ದು ಕೇಳ್ತಿದೆಯಲ್ಲ ಮೇಡಂ."

"ಕೇಳ್ತಿದೆ ಸರ್. ನಾನು ಪೂರ್ತಿ ನೆನೆದಿದ್ದೀನಿ."

"ಮತ್ತೆ?"

"ಉಪಗ್ರಹ ಸರಿಯಾಗೇ ಹೇಳ್ತಿದೆ. ಮಳೆ ಇದೆ ಸರ್, ನಮ್ಮನೇದಲ್ಲ. ವಾಪಸ್ ಕೊಡೋಕೆ ಹೋಗ್ತಿದ್ದೀನಿ."

 "ಸೊನ್ನೆ ಅಂತಲೇ ಬರ್ಕೊಳ್ಳಲಾ?" ಎಂದರು.

"ಬರ್ಕೊಳ್ಳಿ ಸರ್. ಅದೇ ನಿಜ."

ಅಷ್ಟು ಎತ್ತರದಿಂದ ನೋಡಿದರೆ ಊರು ಒಂದು ಚುಕ್ಕೆ. ಮಳೆ ಯಾರ ಅಂಗಳದಲ್ಲಿದೆ, ಯಾರ ಗಾಡಿಯ ಮೇಲಿದೆ ಎಂದು ಅದಕ್ಕೆ ಕಾಣುವುದಿಲ್ಲ. ಇರುವುದು ಮಾತ್ರ ಕಾಣುತ್ತದೆ. ಫೋನನ್ನು ಒದ್ದೆ ಸೆರಗಿಗೆ ಸಿಕ್ಕಿಸಿದೆ.

ಚೆಲುವಾಜಮ್ಮನಿಗೆ ನಮಗಿಂತ ಮೊದಲೇ ಸುದ್ದಿ ಮುಟ್ಟಿರಬೇಕು. ಗೇಟು ಹಾರುಹೊಡೆದಿತ್ತು. ಒಲೆಗೆ ಬೆಂಕಿ ಹಾಕಿದ್ದಳು, ಹೊಗೆ ಅಂಗಳಕ್ಕೆಲ್ಲ ಬರುತ್ತಿತ್ತು. ಆದರೂ ನಮ್ಮನ್ನು ನೋಡಿ ಏನೂ ಗೊತ್ತಿಲ್ಲದವಳಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನವ್ವಾ ಇದು, ಈ ಮಳೇಲಿ?"

"ಕಲಾಯಿ ಆಯ್ತು, ತಗೊಳ್ಳಿ" ಎಂದೆ.

ಅವಳ ಅಜ್ಜಿಮೂಗು ಕೆಂಪಾಯಿತು. "ಚೆನ್ನಾಗೇ ಬೆಳಗಿಕೊಟ್ಟವ್ನೆ ಕಲಾಯಿಯವ್ನು" ಎಂದಳು. ಆಮೇಲೆ ಸೆರಗಿನ ಚುಂಗಿನಿಂದ ನನ್ನ ತಲೆ ಒರೆಸತೊಡಗಿದಳು. ಮೇಲಿನಿಂದ ಬೀಳುತ್ತಲೇ ಇತ್ತು, ಒರೆಸಿ ಉಪಯೋಗವಿರಲಿಲ್ಲ. ಆದರೂ ಒರೆಸಿದಳು. "ನಿನ್ನ ಯಜಮಾನ್ರಿಗೆ ಕೊಟ್ಟಿದ್ದು ಕಣ್ ಮಗಾ. ನಿಂಗೆ ಅಂತ ಕೇಳಿದ್ರು, ಅದ್ಕೆ ಕೊಟ್ಟೆ."

"ಗೊತ್ತಾಯ್ತು."

ನನ್ನ ಮುಖದ ಮೇಲೆ ಇಳಿಯುತ್ತಿದ್ದದ್ದರಲ್ಲಿ ಸ್ವಲ್ಪ ಬೆಚ್ಚಗಿತ್ತು. ಯಾರಿಗೂ ಕಾಣುವ ಹಾಗಿರಲಿಲ್ಲ.

ಕೋಮಲೆ ಮಗುವನ್ನೆತ್ತಿಕೊಂಡು ಹೊಸ್ತಿಲ ತನಕ ಬಂದು ನಿಂತಿದ್ದಳು. ಬಾಣಂತಿ ಗಾಳಿಗೆ ಬರಬಾರದೆಂದು ಬೈಯುವುದನ್ನು ತಾಯಿ ಮರೆತಿದ್ದಳು. "ಹೊಕ್ಕುಳು ಬಿದ್ದಿಲ್ಲಮ್ಮ, ಇನ್ನೂ ಅದೆ" ಎಂದು ಕೋಮಲೆ ನನಗೇ ಹೇಳಿದಳು, ಮಗುವಿನ ಹೊಟ್ಟೆಯ ಬಟ್ಟೆ ಸರಿಸಿ ತೋರಿಸುತ್ತ.

ಕೆಂಪರಾಜ ಗಾಡಿಯನ್ನು ಸೂರಿನ ಹತ್ತಿರಕ್ಕೆ ಒತ್ತಿದ. ಹಂಡೆಯ ಒಂದು ಕಡೆ ಅವನು ಹಿಡಿದ, ಇನ್ನೊಂದು ಕಡೆ ನಾನು. ಚಪ್ಪಡಿಯ ಮೇಲೆ ಇಳಿಸಿ, ಕಪ್ಪು ಬಳೆಯ ಚಪ್ಪಟೆಯಾದ ಜಾಗಕ್ಕೆ ಹಂಡೆಯ ಪೆಟ್ಟುಬಿದ್ದ ಅಂಚು ಬರುವ ತನಕ ತಿರುಗಿಸಿದೆ. ಕೂತಿತು. ನಾನು ಕೈ ತೆಗೆದೆ. ಗಾಡಿಯ ಸುತ್ತ ಬೀಳುತ್ತಿದ್ದ ಮಳೆ ಅದನ್ನು ಬಿಟ್ಟು ಮನೆಯ ಕಡೆ ಬಂತು. ಧೂಳು ಹಿಡಿದ ಹೆಂಚಿನ ಮೇಲೆ ಸ್ವಲ್ಪ ಹೊತ್ತು ಓಡಾಡಿ, ಸೂರಿನ ಅಂಚಿಗೆ ಬಂದು, ಕೆಳಗೆ ತಾಮ್ರದ ಮೇಲೆ ಮೊದಲನೇ ಹನಿ ಬಿಟ್ಟಿತು.